ಚಿಪ್ಪಿಲ್ಲದ ಪಾಲು

ಮೀನಿಗೆ ಅಂಕ ಹಾಕಲು ಪಳ್ಳದಮೂಲೆಗೆ ಜೀಪಿನಲ್ಲಿ ಜನ ಬಂದರು.

ಶಾಲೆಯಲ್ಲಿ ಮಕ್ಕಳಿಗೆ ಅಂಕ ಹಾಕುವುದು ಅಮ್ಮುವಿಗೆ ಗೊತ್ತಿತ್ತು. ಮೀನಿಗೂ ಅಂಕ ಉಂಟು, ಅದು ಜಾಸ್ತಿ ಬಂದಷ್ಟೂ ಮೀನಿನ ಮರ್ಯಾದೆ ಕಡಿಮೆ ಎಂಬುದು ಆವತ್ತೇ ತಿಳಿದದ್ದು. ಎಲ್ಲಿಯದೋ ದೇಶದ ಮೀನು ಇಲ್ಲಿಯ ನೀರಿಗೆ ಬಂದರೆ ಅದರಿಂದ ಎಷ್ಟು ಅಪಾಯ, ಊರ ಮೀನುಗಳನ್ನು ಅದು ಮುಗಿಸುತ್ತದೋ ಇಲ್ಲವೋ, ಯಾರ ಕೈಯಿಂದ ಎಲ್ಲಿಗೆಲ್ಲ ಹರಡುತ್ತದೆ ಎಂಬುದನ್ನು ಪ್ರಶ್ನೆ ಕೇಳಿ ಲೆಕ್ಕ ಹಾಕುವ ಒಂದು ವಿದ್ಯೆ ಇದೆಯಂತೆ. ಆ ವಿದ್ಯೆ ಕಲಿತ ಡಾಕ್ಟರ್ ಗೌರೀಶಂಕರ ಎಂಬವರು ಬಂದಿದ್ದರು. ಮೈಸೂರು ಕಡೆಯವರು, ಪಾಠಪುಸ್ತಕದ ಹಾಗೆ ಮಾತಾಡುತ್ತಿದ್ದರು. ಜತೆಗೆ ಬಂದ್ಯೋಡಿನ ದೀಕ್ಷಿತಾ ಎಂಬ ಹುಡುಗಿ. ಬಂದ ಉತ್ತರಗಳನ್ನು ಟ್ಯಾಬಿನಲ್ಲಿ ಒತ್ತುವುದು ಅವಳ ಕೆಲಸ.

ಪೆರ್ಲದಿಂದ ಒಳಗೆ ಹೋದರೆ ಪಳ್ಳದಮೂಲೆ ಸಿಗುತ್ತದೆ. ಗುಡ್ಡೆಯ ಮೇಲೆ ಮಹಾಬಲ ಧನಿಗಳ ಮನೆ. ಗುಡ್ಡೆಯ ಬುಡದಲ್ಲಿ ಪಳ್ಳ, ಅಂದರೆ ಊರ ಕೆರೆ. ಪಳ್ಳದ ಕೆಸರು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಕಾಲೊನಿ ಶುರು. ಈಗ ಕಾಲೊನಿ ಎನ್ನಬಾರದು. ಆ ಶಬ್ದದಲ್ಲಿ ಅವಮಾನ ಉಂಟು ಎಂದು ಸರ್ಕಾರಕ್ಕೇ ಬೇಸರವಾಗಿ ಹೆಸರು ಬದಲಾಗಿದೆ. ಈಗ ಅದು ‘ಪಳ್ಳದಮೂಲೆ ಉನ್ನತಿ’. ಬೋರ್ಡು ಹೊಸತು, ಬಣ್ಣ ಚೆನ್ನಾಗಿ ಉಂಟು. ಮಳೆಗಾಲದಲ್ಲಿ ಉನ್ನತಿಯ ಒಳಗೆ ಮೊಣಕಾಲುದ್ದ ನೀರು ನಿಲ್ಲುತ್ತದೆ.

ಪಳ್ಳ ಕಾಗದದಲ್ಲಿ ಸರ್ಕಾರದ್ದು. ಬಾಯಿಮಾತಿನಲ್ಲಿ ಧನಿಗಳದ್ದು. ಕೆಸರು ಮಾತ್ರ ಯಾವ ತಕರಾರೂ ಇಲ್ಲದೆ ಕಾಲೊನಿಯದ್ದು. ಬೇಸಗೆಯಲ್ಲಿ ನೀರು ಇಳಿದಾಗ ಮೇಲಿನಿಂದ ಕರೆ ಬರುತ್ತದೆ. ಕಾಲೊನಿಯ ಗಂಡಸರು ಹೆಂಗಸರು ಇಳಿದು ಕೆಸರು ಎತ್ತುತ್ತಾರೆ. ಬುಟ್ಟಿಯಲ್ಲಿ ಹೊತ್ತು ಧನಿಗಳ ತೋಟಕ್ಕೆ ಹಾಕುತ್ತಾರೆ. ಅದಕ್ಕೆ ಕೂಲಿ ಇಲ್ಲ, ಪಾಲು ಉಂಟು. ಕೆಸರಿನಲ್ಲಿ ಸಿಕ್ಕಿದ ಮೀನುಗಳಲ್ಲಿ ಮೈಮೇಲೆ ಚಿಪ್ಪು ಇದ್ದದ್ದೆಲ್ಲ ಮೇಲಿನ ಮನೆಗೆ. ಚಿಪ್ಪಿಲ್ಲದ್ದು ಕಾಲೊನಿಗೆ. ಮಡೆಂಜಿ ಎಂಬ ಚಿಪ್ಪಿನ ಮೀನು ಮೇಲೆ ಹೋಯಿತು. ಮೀಸೆಯ ಮುಗುಡು ಕೆಳಗೆ ಉಳಿಯಿತು. ಮುಗುಡು ಕೆಸರು ತಿನ್ನುವ ಮೀನು, ದೊಡ್ಡ ಮನೆಯವರಿಗೆ ಅದು ಆಗುವುದಿಲ್ಲ, ಅದಕ್ಕೇ ಈ ಔದಾರ್ಯ. ಇದಕ್ಕೆ ಕೆಸರುಪಾಲು ಎಂದು ಹೆಸರು. ಅಮ್ಮುವಿನ ಮಾವ ವಾಸಪ್ಪನ ಅಪ್ಪನ ಕಾಲದಿಂದ ನಡೆದು ಬಂದದ್ದು.

ಉಳಿದ ದಿನಗಳಲ್ಲೂ ಕಾಲೊನಿಯವರು ಪಳ್ಳಕ್ಕೆ ಇಳಿಯುತ್ತಿದ್ದರು. ಸಂಜೆ ಗಂಜಿಗೆ ಒಂದು ಮುಗುಡು ಸಿಕ್ಕಿದರೆ ಮಕ್ಕಳು ಜಗಳವಿಲ್ಲದೆ ಉಣ್ಣುತ್ತಿದ್ದವು. ಪೇಟೆಯಿಂದ ಮೀನು ತರುವಷ್ಟು ಕಿಸೆ ಗಟ್ಟಿಯಾದವರು ಅಲ್ಲಿ ಯಾರೂ ಇರಲಿಲ್ಲ. ಪಳ್ಳ ಇದ್ದದ್ದರಿಂದ ಗಂಜಿಯ ಬಟ್ಟಲಿನಲ್ಲಿ ಮೀನು ಇತ್ತು, ಅಷ್ಟೇ ಸಂಗತಿ.

ಇದಕ್ಕೆ ಕಲ್ಲು ಬಿದ್ದದ್ದು ಧನಿಗಳ ಮಗ ಕುಶಲ್ ದುಬೈ ಬಿಟ್ಟು ಬಂದ ಮೇಲೆ. ಅವನಿಗೆ ಮೀನು ಸಾಕುವ ಹುಚ್ಚು ಹತ್ತಿತು. ರಬ್ಬರು ತೋಟದ ಹಿಂದೆ ಕೊಳ ತೋಡಿಸಿ ಟಾರ್ಪಾಲು ಹಾಸಿದ. ತೋಡಿದ್ದು ಕಾಲೊನಿಯವರು. ಎಲ್ಲಿಂದಲೋ ಗುಟ್ಟಾಗಿ ಮರಿ ತಂದು ಬಿಟ್ಟ. ಆಫ್ರಿಕನ್ ಮುಶಿ ಎಂದು ಅದಕ್ಕೆ ಹೆಸರು, ಮುಗುಡಿನ ಹಾಗೆಯೇ ಮೀಸೆ ಉಂಟು, ಚಿಪ್ಪಿಲ್ಲ. ಸಾಕಬಾರದೆಂದು ನಿಷೇಧ ಇರುವ ಮೀನು, ಆದರೆ ಬೇಗ ಬೆಳೆಯುತ್ತದೆ. ಮೇವಿಗೆ ಪೇಟೆಯ ಕೋಳಿ ಅಂಗಡಿಗಳಿಂದ ಕರುಳು, ತಲೆ, ರೆಕ್ಕೆ ತುಂಬಿದ ಡ್ರಮ್ಮುಗಳು ಬರುತ್ತಿದ್ದವು. ಜೀಪು ಹೋಗದ ದಾರಿ. ಡ್ರಮ್ಮು ಹೊತ್ತದ್ದು ಅಮ್ಮುವಿನಂಥವರು. ಕರುಳಿನ ನೀರು ತಲೆಯಿಂದ ಕತ್ತಿಗೆ, ಕತ್ತಿನಿಂದ ಬೆನ್ನಿಗೆ ಇಳಿಯುತ್ತದೆ. ಎಷ್ಟು ಸಾಬೂನು ತಿಕ್ಕಿದರೂ ಹೋಗುವುದಿಲ್ಲ. ಅಮ್ಮುವಿನ ಸಣ್ಣ ಮಗಳು ಅಮ್ಮನ ಪಕ್ಕ ಮಲಗುವುದನ್ನೇ ಬಿಟ್ಟಿತ್ತು.

ಹಿಂದಿನ ವರ್ಷ ಆಟಿ ತಿಂಗಳ ಜಡಿಮಳೆಗೆ ಕೊಳ ಉಕ್ಕಿತು. ಟಾರ್ಪಾಲು ಹರಿಯುತ್ತದೆಂದು ಕುಶಲ್ ಒಂದು ಬದಿಯ ಕಟ್ಟ ಕಡಿದು ಬಿಟ್ಟ. ನೀರು ಇಳಿಯಿತು, ನೀರಿನ ಜತೆ ಮೀನೂ ಇಳಿಯಿತು. ಬೆಳಗ್ಗೆ ವಾಸಪ್ಪನ ಅಂಗಳದಲ್ಲಿ ತೋಳುದ್ದದ ಮೀನುಗಳು ನೆಲದ ಮೇಲೆ ತೆವಳುತ್ತಿದ್ದವು. ಮಕ್ಕಳು ಕೂಗಿದರು. ಕುಶಲ್ ಮೇಲಿನಿಂದ ನೋಡಿ ನಕ್ಕ.

“ಎಂತ ವಾಸಪ್ಪ, ನಿಮ್ಮ ಪಾಲು ಈ ಸರ್ತಿ ದೊಡ್ಡದುಂಟಲ್ಲ!”

ಕಾಲೊನಿಯವರೂ ನಕ್ಕರು. ತಿಂದರು. ಅಷ್ಟು ದೊಡ್ಡ ಮೀನು ಆ ಅಂಗಳಕ್ಕೆ ಅದುವರೆಗೆ ಬಂದದ್ದಿಲ್ಲ. ಆಮೇಲೆ ಪಳ್ಳದಲ್ಲಿ ಊರ ಮುಗುಡು ಸಿಗುವುದು ನಿಂತಿತು. ಮಡೆಂಜಿ ನಿಂತಿತು. ಸಣ್ಣ ಮೀನುಗಳು ಹೋದವು. ಕಪ್ಪೆ ಕೂಗುವುದೂ ನಿಂತಿತು. ಉಳಿದದ್ದು ಆಫ್ರಿಕ ಒಂದೇ. ಅದು ತನ್ನ ಮರಿಗಳನ್ನೇ ತಿಂದು ದಪ್ಪಗಾಗುತ್ತಿತ್ತು. ಮೇಲಿನ ಮನೆಗೆ ಮಡೆಂಜಿ ಇಲ್ಲವಾದ ಮೇಲೆ ಸುದ್ದಿ ಪೇಪರಿಗೂ ಹೋಯಿತು, ‘ಕೆರೆಯಲ್ಲಿ ರಾಕ್ಷಸ ಮೀನು’ ಎಂದು. ಹಾಗೆ ಜೀಪು ಬಂದದ್ದು.

ಮೀನು ನೋಡದೆ ಅಂಕ ಹಾಕುವ ಹಾಗಿಲ್ಲ. ತಂಡದವರ ಬಲೆ ಪಳ್ಳದ ಮುರಕಲ್ಲಿಗೆ ಸಿಕ್ಕಿ ಹರಿಯಿತು. ಧನಿಗಳು ಕೈ ಚಪ್ಪಾಳೆ ತಟ್ಟಿ ಕಾಲೊನಿಯವರನ್ನು ಕರೆದರು.

ಅಮ್ಮು ಎದೆಮಟ್ಟ ನೀರಿಗೆ ಇಳಿದಳು. ಪಾದದಿಂದ ಕೆಸರು ಕೆದಕಿ ಕೆದಕಿ ನಡೆದಳು. ಕೆಸರು ಕಾಲನ್ನು ಹಿಡಿದುಕೊಳ್ಳುತ್ತದೆ, ಎಳೆದರೆ ಸೊಂಟದಲ್ಲಿ ಚಳಕು. ಪಾದಕ್ಕೆ ನುಣ್ಣಗೆ ಸಿಕ್ಕಿದ ಕೂಡಲೇ ಮುಳುಗಿ ತಲೆಯ ಹಿಂದೆ ಒತ್ತಿ ಹಿಡಿಯಬೇಕು. ಮೊದಲನೆಯದು ಸಿಕ್ಕಿತು. ಎರಡನೆಯದು ತಿರುಚಿಕೊಂಡು ಪಕ್ಕದ ಮುಳ್ಳನ್ನು ಅವಳ ಅಂಗೈಗೆ ಇಳಿಸಿತು. ಬೆಂಕಿ ಇಟ್ಟ ಹಾಗಾಯಿತು. ಅವಳು ಬಿಡಲಿಲ್ಲ. ದಂಡೆಗೆ ತಂದು ಹಾಕಿದಳು.

“ಅದ್ಭುತ!” ಎಂದರು ಗೌರೀಶಂಕರರು, ಮೀನನ್ನು ನೋಡಿ. ದೀಕ್ಷಿತಾ ಅದರ ಉದ್ದ ಅಳೆದಳು, ತೂಕ ನೋಡಿದಳು, ಐಸಿನ ಪೆಟ್ಟಿಗೆಯಲ್ಲಿ ಮಲಗಿಸಿದಳು. ಅಮ್ಮುವಿನ ಅಂಗೈಯ ರಕ್ತ ಪೆಟ್ಟಿಗೆಯ ಮುಚ್ಚಳಕ್ಕೆ ತಾಗಿತು. ಡಾಕ್ಟರರು ಅದನ್ನು ಸ್ಪಿರಿಟಿನಿಂದ ಒರೆಸಿದರು. ಸ್ಯಾಂಪಲ್ ಕೆಡಬಾರದಲ್ಲ. ಮುಚ್ಚಳಕ್ಕೆ ಸಿಕ್ಕಿದ ಸ್ಪಿರಿಟು ಅಂಗೈಗೆ ಸಿಗಲಿಲ್ಲ. ದೀಕ್ಷಿತಾ ತನ್ನ ಕರವಸ್ತ್ರ ಕೊಟ್ಟಳು. ಅಮ್ಮು ಅದನ್ನು ಕಟ್ಟಿಕೊಂಡು ಪುನಃ ಇಳಿದಳು.

ಮಧ್ಯಾಹ್ನ ಧನಿಗಳ ಮನೆಯಲ್ಲಿ ಊಟ. ತಂಡದವರಿಗೆ ಜಗಲಿಯಲ್ಲಿ ಪಿಂಗಾಣಿ ಬಟ್ಟಲು. ಕಾಲೊನಿಯವರಿಗೆ ಅಂಗಳದ ಆಚೆ, ದನದ ಹಟ್ಟಿಯ ಬದಿಯಲ್ಲಿ, ಅಡಿಕೆ ಹಾಳೆಯ ತಟ್ಟೆ. ಒಮ್ಮೆ ಉಂಡು ಬಿಸಾಡುವಂಥದ್ದು. ತೊಳೆಯುವ, ಮುಟ್ಟುವ ತಾಪತ್ರಯ ಇಲ್ಲ. ಗೌರೀಶಂಕರರ ಕಣ್ಣು ಹಾಳೆ ತಟ್ಟೆಯ ಮೇಲೆ ಬಿತ್ತು.

“ಎಷ್ಟು ಪರಿಸರಸ್ನೇಹಿ! ನನಗೂ ಅದರಲ್ಲಿಯೇ ಬಡಿಸಿ.”

ಧನಿಗಳ ಹೆಂಡತಿ ಮನೋರಮಾ ಗಂಡನ ಮುಖ ನೋಡಿದರು. ಮನೋರಮಾ ವಾರ್ಡಿನ ಮೆಂಬರು. ಮೀಸಲಾತಿಯಲ್ಲಿ ಸೀಟು ಹೆಂಗಸಿಗೆ ಬಂದಾಗ ಧನಿಗಳು ನಿಲ್ಲಿಸಿ ಗೆಲ್ಲಿಸಿದ್ದರು. ಸೀಟು ಅವರದ್ದು, ಮಾತು ಧನಿಗಳದ್ದು.

“ಅದು ಬೇಡ ಡಾಕ್ಟ್ರೇ, ಅದು... ಅದರಲ್ಲಿ ಸಾರು ಸೋರುತ್ತದೆ” ಎಂದರು ಧನಿಗಳು. ಆಚೆ ಕುಳಿತಿದ್ದವರ ತಟ್ಟೆಯಲ್ಲಿ ಸಾರು ಆರಾಮವಾಗಿ ನಿಂತಿತ್ತು.

ಊಟದ ಮೇಲೆ ಜಗಲಿಯಲ್ಲಿ ಸಭೆ. ಕಾಲೊನಿಯವರು ಅಂಗಳದ ಅಂಚಿನಲ್ಲಿ ನಿಂತರು. ಊರಿನವರ ಎದುರೇ ಉತ್ತರ ಪಡೆಯಬೇಕೆಂಬುದು ನಿಯಮವಂತೆ. ಗೌರೀಶಂಕರರು ಕನ್ನಡಕ ಏರಿಸಿ ಓದಿದರು.

“ಮಲಿನವಾದ ಜಲದಲ್ಲಿಯೂ ಬದುಕುಳಿಯುವ ಸಾಮರ್ಥ್ಯ ಉಂಟೇ?”

“ಧಾರಾಳ” ಎಂದರು ಧನಿಗಳು. “ಎಂಥ ಹೊಲಸಿನಲ್ಲಿ ಇದ್ದರೂ ಒಂದು ಜ್ವರ ಬರುವುದಿಲ್ಲ.”

“ದೊರೆತದ್ದನ್ನೆಲ್ಲ ಸೇವಿಸುವ ಪ್ರವೃತ್ತಿ?”

“ಇಂಥದ್ದು ಆಗುವುದಿಲ್ಲ ಅಂತ ಇಲ್ಲ.”

“ಸಂತಾನೋತ್ಪತ್ತಿ?”

“ಅದನ್ನು ಕೇಳುವುದೇ ಬೇಡ ಮಾರಾಯ್ರೇ.”

ಕುಶಲ್ ಅಂಗಳದ ಅಂಚಿನ ಕಡೆ ನೋಡಿ ಫಕ್ಕನೆ ನಕ್ಕ. ಯಾಕೆ ನಕ್ಕನೆಂದು ಅಮ್ಮುವಿಗೆ ಅರ್ಥವಾಯಿತು. ವಾಸಪ್ಪನಿಗೆ ಅರ್ಥವಾಗಲಿಲ್ಲ. ಮುದುಕನಿಗೆ ಕಿವಿ ಮಂದ. ಅದಲ್ಲದೆ ಕಾಲೊನಿಗೆ ಸರ್ವೆಯವರು ಬಂದು ಬಂದು ಅವನಿಗೆ ಇಂಥ ಪ್ರಶ್ನೆಗಳು ರೂಢಿ. ಎಂಥ ನೀರು ಕುಡಿಯುತ್ತೀರಿ, ಎಂತ ತಿನ್ನುತ್ತೀರಿ, ಮಕ್ಕಳೆಷ್ಟು, ಎಲ್ಲಿಂದ ಬಂದವರು. ಕೋಟು ಹಾಕಿದವರು ಬಂದು ಪ್ರಶ್ನೆ ಕೇಳಿದರೆ ಅದು ತಮ್ಮ ಬಗ್ಗೆಯೇ ಇರುತ್ತದೆ. ಮೀನಿನ ಬಗ್ಗೆ ಯಾಕೆ ಕೇಳುತ್ತಾರೆ?

“ಇದರ ಮೂಲಸ್ಥಾನ ಯಾವುದು?” ಎಂದು ಓದಿದರು ಡಾಕ್ಟರರು.

ವಾಸಪ್ಪ ಒಂದು ಹೆಜ್ಜೆ ಮುಂದೆ ಬಂದು ಕೈಮುಗಿದ. “ಅಡೂರು ಸಾರ್. ನನ್ನ ಅಪ್ಪ ಅಡೂರಿನವರು. ಗದ್ದೆ ಕೆಲಸಕ್ಕೆ ಜನ ಬೇಕು ಅಂತ ಈ ಧನಿಗಳ ಅಜ್ಜನೇ ಕರ್ಕೊಂಡು ಬಂದದ್ದು. ನಾವಾಗಿ ಬಂದದ್ದಲ್ಲ ಸಾರ್.”

ಜಗಲಿಯಿಡೀ ನಕ್ಕಿತು. ಕುಶಲ್ ಹೊಟ್ಟೆ ಹಿಡಿದುಕೊಂಡ. ದೀಕ್ಷಿತಾ ತಲೆ ತಗ್ಗಿಸಿದಳು. ಗೌರೀಶಂಕರರಿಗೂ ನಗು ಬಂತು, ಆದರೆ ಕಲಿತವರು, ಅದನ್ನು ಕೆಮ್ಮಿನಲ್ಲಿ ಮುಚ್ಚಿದರು. “ಇಲ್ಲ ಅಜ್ಜಾ, ಮೀನಿನ ಕುರಿತು” ಎಂದು ಮುಂದಿನ ಪ್ರಶ್ನೆಗೆ ಹೋದರು. “ಮನುಷ್ಯರು ಸ್ವಂತ ಲಾಭಕ್ಕಾಗಿ ಇದನ್ನು ತಂದು ನೆಲೆಗೊಳಿಸಿದರೇ?”

ಯಾರೂ ನಗಲಿಲ್ಲ. ವಾಸಪ್ಪ ಪುನಃ ಬಾಯಿ ತೆರೆಯುತ್ತಿದ್ದ. ಅಮ್ಮು ಅವನ ತೋಳು ಹಿಡಿದು ಹಿಂದಕ್ಕೆ ಎಳೆದಳು. “ಸುಮ್ಮನಿರಿ ಮಾವ. ಅವರು ನಿಮ್ಮನ್ನು ಕೇಳಿದ್ದಲ್ಲ.” ಜನ ಯಾಕೆ ನಕ್ಕರೆಂದು ಮುದುಕನಿಗೆ ಇನ್ನೂ ಗೊತ್ತಾಗಿರಲಿಲ್ಲ.

“ತಂದದ್ದು ಯಾರು?” ಎಂದು ಡಾಕ್ಟರರು ಸರಳ ಮಾಡಿ ಕೇಳಿದರು.

“ಮೇಲಿನಿಂದ ಬಂದದ್ದು” ಎಂದಳು ಅಮ್ಮು.

“ಮಳೆ ಮೇಲಿನಿಂದಲೇ ಬರುವುದು ಮಾರಾಯ್ತಿ” ಎಂದು ಧನಿಗಳು ಆಕಾಶ ತೋರಿಸಿದರು. ಜಗಲಿ ಇನ್ನೊಮ್ಮೆ ನಕ್ಕಿತು. ದೀಕ್ಷಿತಾ ‘ಪ್ರವಾಹ’ ಎಂದು ಒತ್ತಿದಳು.

“ಸರಿ. ಈಗ ಈ ಮೀನಿನ ಮೇಲೆ ಹಕ್ಕು ಯಾರದು?”

ಧನಿಗಳು ಎದ್ದು ನಿಂತರು. ಧ್ವನಿಯಲ್ಲಿ ಭಕ್ತಿ ಬಂತು. “ನೋಡಿ ಡಾಕ್ಟ್ರೇ, ನಮ್ಮದು ಹಳೇ ಸಂಪ್ರದಾಯದ ಊರು. ಚಿಪ್ಪಿದ್ದ ಮೀನು ನಮ್ಮದು, ಚಿಪ್ಪಿಲ್ಲದ್ದು ಇವರದ್ದು. ನನ್ನ ಅಜ್ಜನೂ ಅದಕ್ಕೆ ಕೈ ಹಾಕಲಿಲ್ಲ, ನಾನೂ ಹಾಕುವುದಿಲ್ಲ. ಈ ಆಫ್ರಿಕಕ್ಕೆ ಚಿಪ್ಪು ಉಂಟಾ? ಇಲ್ಲ. ಹಾಗಾದರೆ ಅದು ಇವರದ್ದೇ. ಇವರ ಮೀನು, ಇವರ ಜವಾಬ್ದಾರಿ.”

ಗೌರೀಶಂಕರರ ಮುಖ ಅರಳಿತು. ಇಂಥದ್ದು ಅವರಿಗೆ ಯಾವ ಊರಿನಲ್ಲೂ ಸಿಕ್ಕಿರಲಿಲ್ಲ. “ಸಾಂಪ್ರದಾಯಿಕ ಸಮುದಾಯ ಹಕ್ಕು!” ಎಂದರು. “ಬರೆದುಕೋ ದೀಕ್ಷಿತಾ. ಇದನ್ನು ನಾವು ಗೌರವಿಸಬೇಕು.”

ಗೌರವ ಮಾಡಿದ್ದು ಹೀಗೆ. ಮೀನಿಗೆ ಅಂಕ ಬಹಳ ಬಿತ್ತು, ಅಪಾಯ ಅತಿ ಹೆಚ್ಚು ಎಂದಾಯಿತು. ಮೀನಿನ ಹಕ್ಕುದಾರರು ಕಾಲೊನಿಯವರು. ಹಿಡಿದು ಕೊಡಪಾನದಲ್ಲಿ ಹಾಕಿಕೊಂಡು ಅಲ್ಲಿ ಇಲ್ಲಿ ತಿರುಗುವವರೂ ಅವರೇ. ಆದ್ದರಿಂದ ಹರಡುವವರೂ ಅವರೇ. ಪಳ್ಳಕ್ಕೆ ಸುತ್ತ ಬೇಲಿ ಹಾಕಬೇಕು, ಕಾಲೊನಿಯವರು ಇನ್ನು ಮುಂದೆ ನೀರಿಗೆ ಇಳಿಯಬಾರದು. ಆಫ್ರಿಕ ಎಲ್ಲ ಮುಗಿದ ಮೇಲೆ ಪಳ್ಳದಲ್ಲಿ ಊರ ಮೀನು ಬೆಳೆಸಲು ಸಹಾಯಧನ ಉಂಟು. ನೋಡಿಕೊಳ್ಳಲು ಜವಾಬ್ದಾರಿ ಇರುವ ಒಂದು ಕುಟುಂಬ ಬೇಕು. ಪಳ್ಳದಮೂಲೆಯಲ್ಲಿ ಅಂಥ ಕುಟುಂಬ ಎಷ್ಟಿದೆ? ಕುಶಲ್ ವಿನಯದಿಂದ ಒಪ್ಪಿಕೊಂಡ.

ತಪ್ಪು ಮಾಡಿದವನಿಗೆ ಕೆರೆ, ಅದರ ಮೀನಿನ ಮುಳ್ಳು ಚುಚ್ಚಿಸಿಕೊಂಡವರಿಗೆ ಬೇಲಿ. ತಲೆಯ ಮೇಲೆ ಗೂಬೆ ಕೂರಿಸುವುದೆಂದರೆ ಇದೇ. ಅದನ್ನೂ ಸಂಪ್ರದಾಯದ ಹೆಸರಿನಲ್ಲಿ, ನಯವಾಗಿ, ಕೈಮುಗಿದು ಕೂರಿಸಿದರು.

“ಎಲ್ಲರ ಸಮ್ಮತಿ ಅವಶ್ಯಕ” ಎಂದರು ಗೌರೀಶಂಕರರು. “ಒಪ್ಪುವವರು ಕೈ ಎತ್ತಿ.”

ಧನಿಗಳು ಅಂಗಳದ ಅಂಚನ್ನು ನೋಡಿದರು. ಅವರು ಹಾಗೆ ನೋಡಿದರೆ ಕೈ ತಾನಾಗಿ ಏಳುತ್ತದೆ. ಎದ್ದವು. ವಾಸಪ್ಪನ ಕೈಯೂ ಎದ್ದಿತು. ಎತ್ತಿ ರೂಢಿಯಾದ ಕೈ, ಯಾವುದಕ್ಕೆಂದು ಕೇಳುವುದಿಲ್ಲ. ಅಮ್ಮುವಿನ ಕೈ ಊದಿ ಕರವಸ್ತ್ರದೊಳಗೆ ಬಿಗಿದಿತ್ತು. ಊದಿರದಿದ್ದರೂ ಅದು ಏಳುತ್ತಿರಲಿಲ್ಲ.

“ನಾನು ಒಪ್ಪುವುದಿಲ್ಲ” ಎಂದಳು.

ಜಗಲಿಯಲ್ಲಿ ವೀಳ್ಯ ಅಗಿಯುತ್ತಿದ್ದವರು ಇತ್ತ ತಿರುಗಿದರು.

“ಎಂತ ಹೇಳಿದೆ?” ಎಂದರು ಧನಿಗಳು.

“ಪಳ್ಳ ಬಿಡುವುದಿಲ್ಲ ಅಂದೆ. ಬೇಲಿ ಹಾಕಿದರೆ ಹಾರಿ ಇಳಿಯುತ್ತೇವೆ. ಇಷ್ಟು ಕಾಲ ಕೆಸರು ಎತ್ತಲಿಕ್ಕೆ ನಾವು ಬೇಕಿತ್ತು. ಆಗ ನಮ್ಮಿಂದ ಎಂತ ಅಪಾಯವೂ ಇರಲಿಲ್ಲವಾ?”

“ನಾಲಿಗೆ ಉದ್ದ ಮಾಡಬೇಡ ಅಮ್ಮು. ನಿಮಗೆ ಹಕ್ಕು ಉಂಟು ಅಂತಲೇ ಅಲ್ಲವಾ ನಾನು ಹೇಳಿದ್ದು?”

ಅಮ್ಮು ಒಂದು ಕ್ಷಣ ಧನಿಗಳ ಮುಖವನ್ನೇ ನೋಡಿದಳು. ಹಾಗೆ ನೇರ ನೋಡುವ ರೂಢಿ ಆ ಅಂಗಳದಲ್ಲಿ ಇರಲಿಲ್ಲ.

“ಅದೊಂದು ಇನ್ನೊಮ್ಮೆ ಹೇಳಿ ಧನಿಗಳೇ. ಚಿಪ್ಪಿಲ್ಲದ ಮೀನು ಯಾರದ್ದು?”

“ನಿಮ್ಮದೇ.”

“ಪಳ್ಳದಲ್ಲಿ ಇದ್ದದ್ದು ಮಾತ್ರವಾ?”

ಧನಿಗಳು ಡಾಕ್ಟರರ ಕಡೆ ನೋಡಿ ದೊಡ್ಡ ಮನಸ್ಸು ಮಾಡಿದರು. “ಈ ಊರಿನಲ್ಲಿ ಎಲ್ಲಿದ್ದರೂ ನಿಮ್ಮದೇ. ಸಾಕಾ?”

“ಸಾಕು.”

ಅಮ್ಮು ಅಂಗಳದ ಅಂಚಿನಲ್ಲಿ ಇಟ್ಟಿದ್ದ ಬುಟ್ಟಿ ಎತ್ತಿಕೊಂಡಳು. ಪಳ್ಳದ ಕಡೆ ಇಳಿಯಲಿಲ್ಲ. ಜಗಲಿಯ ಬದಿಯಿಂದ ಹಾದು ಮನೆಯ ಹಿಂದಿನ ಏರು ಹತ್ತಿದಳು. ಅದು ಡ್ರಮ್ಮು ಹೊತ್ತ ದಾರಿ, ಕಣ್ಣು ಕಟ್ಟಿ ಬಿಟ್ಟರೂ ಅವಳ ಕಾಲು ತಪ್ಪುವುದಿಲ್ಲ. ಹಿಂದೆ ಒಬ್ಬಳು ಹೊರಟಳು. ಆಮೇಲೆ ಇಬ್ಬರು. ಎತ್ತಿದ ಕೈ ಇಳಿಸಿ ಉಳಿದವರೂ ಹೊರಟರು.

ಧನಿಗಳಿಗೆ ಅರ್ಥವಾಗುವ ಮೊದಲೇ ಕುಶಲ್‌ಗೆ ಅರ್ಥವಾಯಿತು. “ಅಪ್ಪಾ, ತೋಟಕ್ಕೆ ಹೋಗುತ್ತಿದ್ದಾರೆ!” ಎಂದು ಓಡಿದ. ಧನಿಗಳು ಪಂಚೆ ಎತ್ತಿ ಕಟ್ಟಿಕೊಂಡು ಓಡಿದರು. ಮನೆಯೊಡೆಯರೇ ಓಡುವಾಗ ಅತಿಥಿಗಳು ಕೂತಿರುವುದು ಚೆನ್ನಾಗಿರುವುದಿಲ್ಲ. ಗೌರೀಶಂಕರರೂ ನಡೆದರು. ದೀಕ್ಷಿತಾ ಟ್ಯಾಬು ಎದೆಗೆ ಹಿಡಿದುಕೊಂಡು ಹಿಂದಿನಿಂದ ಬಂದಳು.

ರಬ್ಬರು ತೋಟದ ಹಿಂದೆ ಕೊಳ ಹಾಗೆಯೇ ಇತ್ತು. ಕಟ್ಟವನ್ನು ಕುಶಲ್ ಆವತ್ತೇ ಸರಿಮಾಡಿಸಿದ್ದ, ಅದನ್ನೂ ಕಾಲೊನಿಯವರ ಕೈಯಿಂದ. ಟಾರ್ಪಾಲು ಹೊಸತು. ಪಕ್ಕದಲ್ಲಿ ಡ್ರಮ್ಮುಗಳು, ಅವುಗಳ ಮೇಲೆ ನೊಣ. ಜನರ ಹೆಜ್ಜೆ ಸಪ್ಪಳ ಕೇಳಿ ಮೇವು ಬಂತೆಂದು ನೂರಾರು ಬಾಯಿಗಳು ನೀರಿನ ಮೇಲೆ ತೆರೆದುಕೊಂಡವು. ಡಾಕ್ಟರರು ಮೂಗಿಗೆ ಬಟ್ಟೆ ಹಿಡಿದರು. ಅಂಥ ವಿದ್ವಾಂಸರಿಗೆ ಆ ಮೀನು ಯಾವುದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಮಧ್ಯಾಹ್ನದ ಊಟ ಹೊಟ್ಟೆಯಲ್ಲಿ ಇನ್ನೂ ಇತ್ತು.

ಅಮ್ಮು ಕೊಳಕ್ಕೆ ಇಳಿದಳು. ಸೊಂಟದ ತನಕ ನೀರು. ಕರವಸ್ತ್ರ ಕಟ್ಟಿದ ಕೈಯಿಂದಲೇ ಒಂದನ್ನು ಒತ್ತಿ ಹಿಡಿದು ಎತ್ತಿ ಬುಟ್ಟಿಗೆ ಹಾಕಿದಳು.

“ಏಯ್! ಮೇಲೆ ಬಾ!” ಧನಿಗಳ ಏದುಸಿರಿನ ಮಧ್ಯೆ ಸಂಪ್ರದಾಯ ಎಲ್ಲಿ ಬಿದ್ದುಹೋಯಿತೋ. “ಮುಟ್ಟಿದರೆ ಕೈ ಕಡಿಯುತ್ತೇನೆ! ಅದು ನಮ್ಮ ಮೀನು!”

“ಇದಕ್ಕೆ ಚಿಪ್ಪು ಉಂಟಾ ಧನಿಗಳೇ?” ಅಮ್ಮು ಬುಟ್ಟಿಯನ್ನು ಅವರ ಕಡೆ ವಾಲಿಸಿ ತೋರಿಸಿದಳು.

ಕಾಲೊನಿಯವರಲ್ಲಿ ಯಾರೋ ನಕ್ಕರು. ಧನಿಗಳ ಎದುರು, ಧನಿಗಳ ಜಾಗದಲ್ಲಿ, ಬಾಯಿಬಿಟ್ಟು. ವಾಸಪ್ಪನೇ ಇರಬೇಕು.

“ಸಾರ್” ಎಂದಳು ದೀಕ್ಷಿತಾ ಮೆಲ್ಲಗೆ, “ಹಕ್ಕು ಯಾರದು ಅನ್ನುವಲ್ಲಿ ಎಂತ ಒತ್ತಲಿ?”

“ಅದು... ಅದನ್ನು ಆಫೀಸಿಗೆ ಹೋಗಿ ಪರಾಮರ್ಶಿಸೋಣ” ಎಂದರು ಗೌರೀಶಂಕರರು.

ಧನಿಗಳು ಕಿಸೆಯಿಂದ ಫೋನು ತೆಗೆದರು. “ಪೊಲೀಸಿಗೆ ಮಾಡುತ್ತೇನೆ. ಹಾಡಹಗಲೇ ಕಳ್ಳತನ. ಒಬ್ಬೊಬ್ಬರನ್ನೂ ಒಳಗೆ ಹಾಕಿಸುತ್ತೇನೆ.”

ಹೆಂಗಸರು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದರು. ಅಮ್ಮುವಿಗೂ ಹೆದರಿಕೆಯಾಯಿತು, ಆಗಲಿಲ್ಲ ಎಂದರೆ ಸುಳ್ಳು. ಆದರೆ ಮೇಲೆ ಹತ್ತಲಿಲ್ಲ.

“ಮಾಡಿ” ಎಂದಳು. “ಕಳ್ಳತನ ಅಂತ ಹೇಳಿದರೆ ಅವರು ಮೊದಲು ಕೇಳುವುದು ಯಾರ ಮೀನು ಅಂತ. ಸಾಕಬಾರದ ಮೀನು ನಮ್ಮದು ಅಂತ ನೀವು ಹೇಳುತ್ತೀರಾ?”

ಧನಿಗಳ ಬೆರಳು ಫೋನಿನ ಮೇಲೆ ನಿಂತಿತು. ಅವರು ಮಗನ ಮುಖ ನೋಡಿದರು. ಕುಶಲ್ ಟಾರ್ಪಾಲಿನ ಅಂಚನ್ನು ನೋಡುತ್ತಿದ್ದ. ಡಾಕ್ಟರರು ರಬ್ಬರು ಮರಗಳನ್ನು ನೋಡುತ್ತಿದ್ದರು, ಅವುಗಳಿಗೂ ಅಂಕ ಹಾಕಬೇಕೋ ಎನ್ನುವಂತೆ. ದೀಕ್ಷಿತಾ ಒಬ್ಬಳೇ ಧನಿಗಳ ಬಾಯನ್ನು ನೋಡುತ್ತಿದ್ದಳು, ಟ್ಯಾಬಿನ ಮೇಲೆ ಬೆರಳು ಇಟ್ಟುಕೊಂಡು.

“ಹೇಳಿ ಧನಿಗಳೇ, ಯಾರ ಮೀನು?” ಎಂದಳು ಅಮ್ಮು.

ಉತ್ತರಕ್ಕೆ ಕಾಯುವಷ್ಟು ಪುರುಸೊತ್ತು ಅವಳಿಗಿರಲಿಲ್ಲ. ಬಗ್ಗಿ ಎರಡನೆಯದಕ್ಕೆ ಕೈ ಹಾಕಿದಳು. ಹಿಂದೆ ಸರಿದಿದ್ದ ಹೆಂಗಸರು ಸೀರೆ ಎತ್ತಿ ಕಟ್ಟಿ, ಒಬ್ಬೊಬ್ಬರಾಗಿ ನೀರಿಗೆ ಇಳಿಯತೊಡಗಿದರು.